ಎಣ್ಣೆ ಬಟ್ಟೆಗೆ ಬೇರೆ ತೊಟ್ಟಿ

ಲಾಂಡ್ರಿ ಅಕ್ಕನ ಮೂಗಿನ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ಒಗೆದು ಒಣಗಿದ ಚಾದರವನ್ನು ಮುಖದ ಹತ್ತಿರ ತಂದು ಒಮ್ಮೆ ಉಸಿರೆಳೆದುಕೊಂಡರೆ ಸಾಕು, ಸೋಪು ಉಳಿದಿದೆಯೋ, ಬ್ಲೀಚು ಹೆಚ್ಚಾಗಿದೆಯೋ, ಹಸಿಯಿರುವಾಗಲೇ ಯಾರೋ ಸೋಮಾರಿಗಳು ಮಡಚಿಟ್ಟಿದ್ದಾರೋ, ಎಲ್ಲವನ್ನೂ ಹೇಳುತ್ತಿದ್ದಳು. ಹೇಳಿದ್ದು ತಪ್ಪಿದ್ದು ಯಾರಿಗೂ ನೆನಪಿಲ್ಲ. ಹಾಗಾಗಿ ಆಕೆಗೆ ತನ್ನ ಮೂಗಿನ ಮೇಲೆ ಸ್ವಲ್ಪ ಹೆಚ್ಚೇ ಅಭಿಮಾನ. ಬ್ಲೀಚು ಅಳೆಯುವುದಕ್ಕೆಂದು ಯಾರೋ ಕೊಟ್ಟುಹೋದ ಕಾಗದದ ಪಟ್ಟಿಗಳನ್ನು ಮಡಚಿ, ಅಲುಗಾಡುತ್ತಿದ್ದ ಇಸ್ತ್ರಿ ಮೇಜಿನ ಕಾಲಿನಡಿ ಸಿಕ್ಕಿಸಿದ್ದಳು.

ಆಕೆಯ ಗಂಡನನ್ನು ಬೀದಿಯವರು ಗಂಟಣ್ಣ ಎನ್ನುತ್ತಿದ್ದರು. ಮನೆಗಳಿಂದ, ಲಾಡ್ಜಿನಿಂದ, ಗ್ಯಾರೇಜುಗಳಿಂದ ಕೊಳೆ ಬಟ್ಟೆಯ ಗಂಟುಗಳನ್ನು ಹೆಗಲ ಮೇಲೆ ಹೊತ್ತು ತರುವವನು ಅವನು. ಬಾಗಿಲಲ್ಲೇ ಗಂಟು ಬಿಚ್ಚಿ ಬಟ್ಟೆ ಬೇರ್ಪಡಿಸುವುದೂ ಅವನದೇ ಕೆಲಸ. ಅಂಗಡಿಯಲ್ಲಿ ಮೂರು ತೊಟ್ಟಿಗಳಿದ್ದವು. ಬಿಳಿ ಬಟ್ಟೆಯ ತೊಟ್ಟಿ ಅಕ್ಕನದು. ಅದರ ಹತ್ತಿರ ಬೇರೆ ಯಾರೂ ಸುಳಿಯುವಂತಿಲ್ಲ. ಆಕೆ ಉಡುತ್ತಿದ್ದುದೂ ಬಿಳಿ ಬಟ್ಟೆಯೇ ಆದ್ದರಿಂದ ಗಂಟಣ್ಣ ಆಕೆಯನ್ನೇ "ಬಿಳಿ ಬಟ್ಟೆ" ಎಂದು ಕರೆದು ಛೇಡಿಸುತ್ತಿದ್ದ. ಪಕ್ಕದ್ದು ಬಣ್ಣದ ಬಟ್ಟೆಗೆ. ಮೂಲೆಯದು ಎಣ್ಣೆ ಬಟ್ಟೆಗೆ. ಗ್ಯಾರೇಜಿನವರ ಮೇಲಂಗಿ, ಅಡುಗೆಯವರ ಒರಸುಬಟ್ಟೆ ಆ ಮೂಲೆಯಲ್ಲಿ ಬಿಸಿನೀರು, ಸೋಡಾ ಕುಡಿದು ಜಿಡ್ಡು ಬಿಟ್ಟ ಮೇಲೆಯೇ ಉಳಿದ ಬಟ್ಟೆಗಳ ಸಹವಾಸಕ್ಕೆ ಬರಬೇಕು. "ಎಣ್ಣೆ ಬಟ್ಟೆ, ಬೇರೆ ತೊಟ್ಟಿ" ಎಂದು ಅವನು ಬಾಗಿಲಿನಿಂದ ಕೂಗಿದರೆ ಬೀದಿಯ ಕೊನೆಯ ಮನೆಗೂ ಕೇಳುತ್ತಿತ್ತು. ಅವನ ತಮ್ಮ ಒಮ್ಮೆ ಗ್ಯಾರೇಜಿನ ಪ್ಯಾಂಟೊಂದನ್ನು ಲಾಡ್ಜಿನ ಚಾದರಗಳ ಜೊತೆ ಹಾಕಿ, ಅಷ್ಟೂ ಚಾದರ ಮಾಸಿಹೋದಾಗ, ಗಂಟಣ್ಣ ಅವನ ಜೊತೆ ಮಾತು ಬಿಟ್ಟ. ಮತ್ತೆ ಮಾತು ಶುರುವಾಗಬೇಕಾದರೆ ಮನೆಯಲ್ಲೊಂದು ಮದುವೆಯೇ ನಡೆಯಬೇಕಾಯಿತು.

ವಯಸ್ಸು ಮಂಡಿಗೆ ಇಳಿದಾಗ ಅಂಗಡಿಯನ್ನು ಆ ತಮ್ಮನಿಗೇ ಬಿಟ್ಟುಕೊಟ್ಟು, ಗಂಡ ಹೆಂಡತಿ ಎರಡು ಬೀದಿ ಆಚೆ ಒಂದು ಸಣ್ಣ ಮನೆ ಕೊಂಡರು. ಮನೆಯ ಹಿಂದೆ ಈಜುಕೊಳವೊಂದಿತ್ತು. ಮಾರಿದವರು ಸಂಗೀತದ ಮೇಷ್ಟರು. ಉಸಿರಿಗೆ ಒಳ್ಳೆಯದೆಂದು ದಿನಾ ಈಜುತ್ತಿದ್ದರಂತೆ. ಅವರು ಖಾಲಿ ಮಾಡಿಕೊಂಡು ಹೋದ ಮೇಲೆ ನೀರು ಪಾಚಿಗಟ್ಟಿ, ಎಲೆ ಕೊಳೆತು, ಮನೆ ನೋಡಲು ಬಂದವರೆಲ್ಲ ಹಿತ್ತಲಿಗೆ ಕಾಲಿಟ್ಟ ಕೂಡಲೇ ಮೂಗು ಮುಚ್ಚಿಕೊಂಡು ವಾಪಸಾಗಿದ್ದರು. ಅಕ್ಕ ಮಾತ್ರ ಬಿಸಿಲು ಎತ್ತ ಬೀಳುತ್ತದೆ ಎಂದು ನೋಡಿದಳು.

"ಈ ಗುಂಡಿ ಮುಚ್ಚಿಸಿಬಿಟ್ರೆ ಬಟ್ಟೆ ಒಣಗಿಸೋಕೆ ಎಷ್ಟು ಒಳ್ಳೆ ಜಾಗ ನೋಡ್ರೀ."

"ಇರೋರು ಇಬ್ಬರು. ಅಷ್ಟು ಬಟ್ಟೆ ಎಲ್ಲಿಂದ ತರ್ತೀಯ?" ಎಂದ ಗಂಟಣ್ಣ.

ಗುಂಡಿ ಮುಚ್ಚಿಸುವ ಮೊದಲೇ ಅವನಿಗೆ ಲಕ್ವ ಹೊಡೆಯಿತು. ಬಲಗಾಲು, ಬಲಗೈ, ಅರ್ಧ ಮಾತು ಹೋದವು. ಆಸ್ಪತ್ರೆಯಿಂದ ಬಂದವನು ಹಿತ್ತಲ ಬಾಗಿಲ ಪಕ್ಕದ ಕುರ್ಚಿ ಹಿಡಿದ. ಊರ ಗಂಟು ಹೊತ್ತವನನ್ನು ಈಗ ಇಬ್ಬರು ಹಿಡಿದು ಏಳಿಸಬೇಕು. ಮಾತು ತುಂಡು ತುಂಡಾಗಿ ಬರುತ್ತಿತ್ತು. ಬಂದದ್ದು ತನಗೇ ಸಹಿಸಲಾಗದೆ ಅರ್ಧಕ್ಕೆ ನಿಲ್ಲಿಸಿಬಿಡುತ್ತಿದ್ದ. ಎಲ್ಲಕ್ಕಿಂತ ಕಷ್ಟವಾದದ್ದು ಸ್ನಾನ. ಊರವರ ಕೊಳೆಯನ್ನೆಲ್ಲ ಕಂಡ ಅಕ್ಕನಿಗೆ ಗಂಡನ ಮೈ ತೊಳೆಯುವುದು ಒಂದು ಕೆಲಸವೇ ಅಲ್ಲ. ಅವನಿಗೆ ಮಾತ್ರ ಅದು ಸತ್ತುಹೋಗುವಷ್ಟು ನಾಚಿಕೆ. ಸ್ಟೂಲಿನ ಮೇಲೆ ಕೂರಿಸಿ ನೀರು ಹಾಕಿದರೆ ಗೋಡೆಯ ಕಡೆ ಮುಖ ತಿರುಗಿಸಿ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಒಂದು ದಿನ ಎಡಗೈಯಿಂದ ಮಗ್ಗನ್ನು ತಳ್ಳಿ "ಬೇಡ" ಎಂದ. ಆ ಒಂದು ಮಾತು ಸ್ಪಷ್ಟವಾಗಿಯೇ ಬಂತು. ಅಂದಿನಿಂದ ಒದ್ದೆ ಬಟ್ಟೆಯಲ್ಲಿ ಮೈ ಒರೆಸುವುದಷ್ಟೇ, ಅದೂ ಜಗಳವಾಡಿಕೊಂಡು.

ವಾರಕ್ಕೊಮ್ಮೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋ ಹುಡುಗಿ ಒಂದು ದಿನ ಕೈ ತೊಳೆಯಲು ಹಿತ್ತಲಿಗೆ ಹೋದವಳು ಅಲ್ಲೇ ನಿಂತುಬಿಟ್ಟಳು.

"ಇದನ್ನ ಮುಚ್ಚಿಸ್ತೀರಾ ಅಮ್ಮಾ? ಇದನ್ನ ಇಟ್ಕೊಂಡು ನಾನು ಒಳಗೆ ಕುರ್ಚಿ ಹಿಡ್ಕೊಂಡು ಒದ್ದಾಡ್ತಾ ಇದ್ದೀನಲ್ಲ. ಎದೆಮಟ್ಟ ನೀರಲ್ಲಿ ನಿಂತ್ರೆ ಮೈಭಾರ ಅರ್ಧಕ್ಕಿಂತ ಕಮ್ಮಿ ಆಗುತ್ತೆ. ಅವರು ಅದರಲ್ಲಿ ಹೆಜ್ಜೆ ಇಡ್ತಾರೆ."

"ಇಡದೇ ಇದ್ರೆ?"

"ಈ ಕೆಲವು ತಿಂಗಳಲ್ಲಿ ಕಾಲಿಗೆ ಎಷ್ಟು ಶಕ್ತಿ ಬರುತ್ತೋ ಅಷ್ಟು. ಸುಮ್ಮನೆ ಕೂತ್ರೆ ಕಾಲು ಬಿಗಿದುಕೊಳ್ಳುತ್ತೆ. ಆಮೇಲೆ ಕುರ್ಚಿನೇ ಗತಿ."

ಅಕ್ಕ ಅದೇ ದಿನ ಪಂಪಿನ ಅಂಗಡಿಗೆ ಹೋದಳು. ಅಂಗಡಿಯವನನ್ನು ಎಲ್ಲರೂ ಪಂಪಣ್ಣ ಎನ್ನುತ್ತಿದ್ದರು. ಅವನಿಗೂ ತನ್ನ ನಿಜವಾದ ಹೆಸರು ಮರೆತಂತಿತ್ತು. ಕೊಳ ನೋಡಿ ಅವನು ತಲೆ ಕೆರೆದುಕೊಂಡ, ಆದರೂ ಕೈಬಿಡಲಿಲ್ಲ. ಎಲೆ ಬಾಚಿಸಿ, ಪಂಪು ರಿಪೇರಿ ಮಾಡಿ, ಫಿಲ್ಟರಿನ ಮರಳು ಬದಲಾಯಿಸಿ, ಇಳಿಯುವ ಮೆಟ್ಟಿಲಿಗೆ ಕಂಬಿ ಹಾಕಿಸಿ, ನೀರನ್ನು ತಿಳಿ ಮಾಡಿಕೊಟ್ಟ. ಆಮೇಲೆ ಅಕ್ಕನನ್ನು ಕೂರಿಸಿಕೊಂಡು ಪಾಠ ಶುರುಮಾಡಿದ.

"ಪೂಲ್ ಅಂದ್ರೆ ಹಸು ಸಾಕಿದ ಹಾಗೆ ಅಕ್ಕಾ. ದಿನಾ ಸ್ವಲ್ಪ ನೋಡ್ಕೊಂಡ್ರೆ ಸಾಧು. ಒಂದು ವಾರ ಮರೆತ್ರೆ ಒದೆಯುತ್ತೆ."

ನೀರು ಗೋಡೆಯಲ್ಲಿರುವ ಎಲೆ ಹಿಡಿಯುವ ಬಾಯಿಯ ಅರ್ಧದವರೆಗೆ ಇರಬೇಕು. ಅದಕ್ಕಿಂತ ಇಳಿದರೆ ಪಂಪು ಗಾಳಿ ಎಳೆದು ಸುಟ್ಟುಹೋಗುತ್ತದೆ. ಅದರೊಳಗಿನ ಬುಟ್ಟಿಯನ್ನು ದಿನಾ ಖಾಲಿ ಮಾಡಬೇಕು. ಗೋಡೆಗಳನ್ನು ಬ್ರಷ್ಷಿನಿಂದ ಉಜ್ಜಬೇಕು, ಅದರಲ್ಲೂ ನೀರು ಆಡದ ಮೆಟ್ಟಿಲ ಮೂಲೆಗಳನ್ನು, ಯಾಕೆಂದರೆ ಪಾಚಿ ಮೊದಲು ಮನೆ ಮಾಡುವುದು ಅಲ್ಲಿ. ಫಿಲ್ಟರಿನ ಮೇಲಿನ ಗಡಿಯಾರದಂಥ ಮೀಟರಿನ ಮುಳ್ಳು ಏರಿದರೆ ಮರಳಿಗೆ ಕೊಳೆ ಕಟ್ಟಿದೆ ಎಂದರ್ಥ. ಆಗ ನೀರನ್ನು ಉಲ್ಟಾ ಹರಿಸಿ ಮರಳು ತೊಳೆಯಬೇಕು. ಕ್ಲೋರಿನನ್ನು ಬಿಸಿಲು ಇಳಿದ ಮೇಲೆ ಹಾಕಬೇಕು, ಇಲ್ಲವಾದರೆ ಸೂರ್ಯನೇ ಅರ್ಧ ತಿಂದುಬಿಡುತ್ತಾನೆ. ಆಸಿಡ್ಡನ್ನು ಬಕೆಟ್ಟಿನ ನೀರಿಗೆ ಹಾಕಬೇಕೇ ಹೊರತು ಆಸಿಡ್ಡಿಗೆ ನೀರು ಹಾಕಬಾರದು. ಆಸಿಡ್ಡು, ಕ್ಲೋರಿನ್ನು ಎರಡನ್ನೂ ಒಂದೇ ಕಪಾಟಿನಲ್ಲಿ ಕೂಡ ಇಡಬಾರದು. ಇದೆಲ್ಲ ಅಕ್ಕನಿಗೆ ನೀರು ಕುಡಿದಷ್ಟು ಸುಲಭವಾಯಿತು. ಬ್ಲೀಚು, ಆಸಿಡ್ಡುಗಳ ಜೊತೆ ಸಂಸಾರ ಮಾಡಿದವಳಲ್ಲವೇ.

ಕೊನೆಗೆ ಪಂಪಣ್ಣ ಒಂದು ಪುಟ್ಟ ಡಬ್ಬಿ ಕೊಟ್ಟ. ಅದರಲ್ಲಿ ಗಾಜಿನ ಕೊಳವೆಗಳು, ಹನಿ ಹಾಕುವ ಸೀಸೆಗಳು. "ಮೊದಲು ಇದರಲ್ಲಿ ಪರೀಕ್ಷೆ, ಆಮೇಲೆ ಔಷಧಿ. ಇದೊಂದು ಮರೀಬೇಡಿ." ಅಕ್ಕ ತಲೆಯಾಡಿಸಿ ಡಬ್ಬಿಯನ್ನು ಬಚ್ಚಲಿನ ಕಪಾಟಿನ ಮೇಲಿಟ್ಟಳು. ಮೂಗಿದ್ದವಳಿಗೆ ಡಬ್ಬಿ ಯಾಕೆ?

ಗಂಟಣ್ಣ ಮೊದಲ ಸಲ ನೀರಿಗಿಳಿದ ದಿನ ತಮ್ಮ ಒಂದು ಕಡೆ, ಫಿಸಿಯೋ ಇನ್ನೊಂದು ಕಡೆ ಹಿಡಿದಿದ್ದರು. ಎದೆಮಟ್ಟಕ್ಕೆ ಹೋದ ಮೇಲೆ ಅವಳು ಮೆಲ್ಲಗೆ ಕೈ ಬಿಟ್ಟಳು. ಅವನು ಬೀಳಲಿಲ್ಲ. ಕಂಬಿ ಹಿಡಿದು ತಾನಾಗಿಯೇ ನಿಂತ. ಆಮೇಲೆ ಬಲಗಾಲು ತಳವನ್ನು ಉಜ್ಜಿಕೊಂಡು ಒಂದಿಷ್ಟು ಮುಂದೆ ಹೋಯಿತು. ಅಕ್ಕನಿಗೆ ಅಳು ಉಕ್ಕಿ ಬಂತು. ಯಾರಿಗೂ ಕಾಣದಿರಲಿ ಎಂದು ಪಂಪಿನ ಹತ್ತಿರ ಹೋಗಿ ಮೀಟರಿನ ಮುಳ್ಳು ನೋಡುತ್ತ ನಿಂತಳು.

ಅಂದಿನಿಂದ ದಿನಾ ಬೆಳಿಗ್ಗೆ ತಮ್ಮ ಅಂಗಡಿ ತೆರೆಯುವ ಮೊದಲು ಬಂದು ಅಣ್ಣನನ್ನು ನೀರಿಗಿಳಿಸುತ್ತಿದ್ದ. ಅವನು ಬರುವಷ್ಟರಲ್ಲಿ ಅಕ್ಕ ಎಣ್ಣೆ ಬಿಸಿ ಮಾಡಿ ಗಂಡನ ಕಾಲು, ತೋಳು, ಬೆನ್ನು ನೀವಿರುತ್ತಿದ್ದಳು. ನರ ಸಡಿಲವಾಗುತ್ತದೆ ಎಂದು ಆಕೆಯ ಅಮ್ಮ ಹೇಳುತ್ತಿದ್ದ ಮಾತು. ಹೆಜ್ಜೆ ಹೆಚ್ಚಾದಂತೆ ಎಣ್ಣೆಯೂ ಧಾರಾಳವಾಯಿತು. ಫಿಸಿಯೋ ಬರುವ ದಿನ ನೀವುವ ಕೆಲಸ ಅವಳದಾದ್ದರಿಂದ ಎಣ್ಣೆಗೆ ರಜ. ಸ್ನಾನದ ಮಾತನ್ನು ಅಕ್ಕ ಎತ್ತಲೇ ಇಲ್ಲ. ಅಷ್ಟು ನೀರಿಗೆ ಇಳಿಯುವವನಿಗೆ ಮತ್ತೆ ಸ್ನಾನ ಯಾಕೆ? ಅವನಿಗೂ ಅದೇ ಬೇಕಿತ್ತು. ಚಡ್ಡಿ ಹಾಕಿಕೊಂಡು ಗಂಡಸಿನಂತೆ ನೀರಿಗಿಳಿದು, ಗಂಡಸಿನಂತೆ ಮೇಲೆ ಬರುತ್ತಿದ್ದ. ಯಾರೂ ಮೈ ಉಜ್ಜುತ್ತಿರಲಿಲ್ಲ. ಒಟ್ಟಿನಲ್ಲಿ ಮನೆಯಲ್ಲಿ ಶಾಂತಿ ನೆಲೆಸಿತ್ತು.

ಆಗ ವಾಸನೆ ಶುರುವಾಯಿತು. ಹಿತ್ತಲ ಬಾಗಿಲು ತೆಗೆದರೆ ಮೂಗಿಗೆ ಚುರ್ರೆನ್ನುವ ಕ್ಲೋರಿನ್ ವಾಸನೆ. ಗಂಟಣ್ಣನ ಕಣ್ಣು ಕೆಂಪಾಗತೊಡಗಿದವು. ಅಕ್ಕ ಒಂದು ಸಲ ಉಸಿರೆಳೆದುಕೊಂಡು ತೀರ್ಪು ಕೊಟ್ಟಳು. ಚಾದರದಲ್ಲಿ ಬ್ಲೀಚಿನ ವಾಸನೆ ಬಂದರೆ ಏನರ್ಥ? ಬ್ಲೀಚು ಹೆಚ್ಚಾಗಿದೆ, ಇನ್ನೂ ಎರಡು ನೀರಿನಲ್ಲಿ ಜಾಲಿಸಬೇಕು. ಕ್ಲೋರಿನನ್ನು ಅರ್ಧ ಮಾಡಿದಳು. ವಾಸನೆ ಹೋಗಲಿಲ್ಲ. ಪೂರ್ತಿ ನಿಲ್ಲಿಸಿ ನಲ್ಲಿಯಿಂದ ಹೊಸ ನೀರು ಬಿಟ್ಟಳು. ಕೆಲವು ದಿನಗಳಲ್ಲಿ ವಾಸನೆ ಅಡಗಿತು. ಅಕ್ಕ ತನ್ನ ಮೂಗಿಗೆ ಮನಸ್ಸಿನಲ್ಲೇ ಶಹಬ್ಬಾಸ್ ಹೇಳಿಕೊಂಡಳು.

ವಾಸನೆ ಅಡಗಿದ ಹಿಂದೆಯೇ ನೀರು ಮಬ್ಬಾಯಿತು. ಮೆಟ್ಟಿಲು ಲೋಳೆಲೋಳೆಯಾಯಿತು. ಎರಡು ದಿನ ಬಿಸಿಲು ಚೆನ್ನಾಗಿ ಕಾದದ್ದೇ ತಡ, ಹಸಿರು ತಿರುಗಿತು. ಫಿಸಿಯೋ ಬಂದವಳು ಅಂಚಿನಲ್ಲಿ ನಿಂತು ಬಗ್ಗಿ ನೋಡಿದಳು.

"ತಳದಲ್ಲಿ ನೀರು ಹೋಗೋ ಜಾಲರಿ ಕಾಣ್ತಾ ಇಲ್ಲ. ಅದು ಕಾಣೋ ತನಕ ಯಾರೂ ಇಳಿಯೋ ಹಾಗಿಲ್ಲ ಅಮ್ಮಾ. ಯಾರಾದ್ರೂ ಜಾರಿ ಬಿದ್ರೆ ಮೇಲಿಂದ ಕಾಣೋದೇ ಇಲ್ಲ. ಈ ನೀರು ಬಾಯಿಗೆ ಹೋದ್ರೂ ಕಷ್ಟ."

ಗಂಟಣ್ಣ ಕುರ್ಚಿಗೆ ಮರಳಿದ. ಮೊದಲೆರಡು ದಿನ ಹಿತ್ತಲ ಕಡೆ ನೋಡುತ್ತಿದ್ದ, ಆಮೇಲೆ ಅದನ್ನೂ ಬಿಟ್ಟ. ಕಾಲು ಮತ್ತೆ ಮರದ ಕೊರಡಿನಂತಾಯಿತು. ಒದ್ದೆ ಬಟ್ಟೆ ಹಿಡಿದು ಹತ್ತಿರ ಹೋದರೆ ಮುಖ ತಿರುಗಿಸುತ್ತಿದ್ದ. ಫಿಸಿಯೋ ಹೇಳಿದ ಆ ಕೆಲವು ತಿಂಗಳು ಕಣ್ಣೆದುರೇ ಜಾರಿ ಹೋಗುತ್ತಿದ್ದವು, ಅದಕ್ಕೆ ಕಾರಣ ತಾನೇ ಎಂದು ಅಕ್ಕನಿಗೆ ಒಳಗೊಳಗೇ ಗೊತ್ತಿತ್ತು. ಎಲ್ಲಿ ತಪ್ಪಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಸಲಹೆಗೇನು ಬರವೇ? ಮೈದುನ ಕೈ ಕಟ್ಟಿಕೊಂಡು ಕೊಳದ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಇಷ್ಟಕ್ಕೆಲ್ಲ ಯಾಕೆ ತಲೆಬಿಸಿ ಅತ್ತಿಗೆ? ಪೂರ್ತಿ ಖಾಲಿ ಮಾಡೋಣ. ಉಜ್ಜಿ ಹೊಸ ನೀರು ತುಂಬಿದ್ರೆ ಮುಗೀತು."

ತೊಟ್ಟಿ ಕೊಳೆಯಾದರೆ ಖಾಲಿ ಮಾಡಿ ಉಜ್ಜುವುದನ್ನು ಬಿಟ್ಟು ಬೇರೇನೂ ಗೊತ್ತಿಲ್ಲದ ಅಕ್ಕನಿಗೂ ಇದು ಸರಿಯೆನಿಸಿತು. ನೀರೆತ್ತುವ ಮೋಟಾರು ಬೇಕೆಂದು ಪಂಪಣ್ಣನಿಗೆ ಫೋನು ಮಾಡಿದಳು. ಅವನು ಮೋಟಾರು ತರಲಿಲ್ಲ. ತಾನೇ ಏದುಸಿರು ಬಿಡುತ್ತ ಬಂದ.

"ಒಂದು ಹನಿನೂ ತೆಗೀಬೇಡಿ. ಖಾಲಿ ಪೂಲ್ ಅಂದ್ರೆ ದೋಣಿ. ನೆಲದಡಿ ನೀರು ಇದ್ರೆ ಕೆಳಗಿಂದ ಒತ್ತಿ ಎತ್ತಿಬಿಡುತ್ತೆ, ಗೋಡೆ ಬಿರಿಯುತ್ತೆ. ಎಲ್ಲಿ ಆ ಡಬ್ಬಿ?"

ಡಬ್ಬಿ ಬಂತು. ಅದರ ಮೇಲೆ ಧೂಳಿತ್ತು. ಪಂಪಣ್ಣ ಧೂಳು ನೋಡಿ, ಅಕ್ಕನ ಮುಖ ನೋಡಿ, ಕೊಳವೆಗೆ ನೀರು ತುಂಬಿ ಹನಿ ಹಾಕಿದ. ಗುಲಾಬಿ ಬಣ್ಣ ಬರಬೇಕಾದ ನೀರು ಬಣ್ಣವೇ ಇಲ್ಲದೆ ನಿಂತಿತು.

"ಕ್ಲೋರಿನ್ ಒಂದು ಚೂರೂ ಇಲ್ಲ."

"ವಾಸನೆ ವಿಪರೀತ ಆಗಿತ್ತು, ಅದಕ್ಕೇ ನಿಲ್ಲಿಸಿದೆ," ಎಂದಳು ಅಕ್ಕ.

"ಎಡವಿದ್ದೇ ಅಲ್ಲಿ. ಕೆಲಸಕ್ಕೆ ತಯಾರಿರೋ ಕ್ಲೋರಿನ್ ಅಷ್ಟು ವಾಸನೆ ಹೊಡೆಯಲ್ಲ ಅಕ್ಕಾ. ಬೆವರು, ಜಿಡ್ಡು, ಮೈ ಕೊಳೆ ಇವುಗಳ ಜೊತೆ ಗುದ್ದಾಡಿ ಸುಸ್ತಾಗಿರುತ್ತಲ್ಲ, ವಾಸನೆ ಹೊಡೆಯೋದು ಅದು. ಕಣ್ಣು ಉರಿಸೋದೂ ಅದೇ. ವಾಸನೆ ಬಂತು ಅಂದ್ರೆ ಹಾಕಿದ್ದು ಸಾಲ್ತಾ ಇಲ್ಲ ಅಂತ."

ಅಕ್ಕನ ಕೈ ತಾನಾಗಿಯೇ ಮೂಗಿಗೆ ಹೋಯಿತು. "ಹಾಗಾದ್ರೆ ಇದು ಇಷ್ಟು ದಿನ..."

"ಮೂಗು ಸರಿಯಾಗೇ ಇದೆ. ಅದು ಹೇಳಿದ್ದನ್ನ ನೀವು ಉಲ್ಟಾ ತಿಳ್ಕೊಂಡ್ರಿ ಅಷ್ಟೇ." ಪಂಪಣ್ಣ ನೀರಿನ ಅಂಚಿನ ಟೈಲಿನ ಮೇಲೆ ಬೆರಳೆಳೆದು ಹುಬ್ಬು ಗಂಟಿಕ್ಕಿದ. ಬೆರಳಿಗೆ ಕಂದು ಜಿಡ್ಡು ಮೆತ್ತಿತ್ತು. "ನನಗೆ ಗೊತ್ತಾಗದೇ ಇರೋದು ಇದು. ಇಳಿಯೋರು ಎಷ್ಟು ಜನ?"

"ಇವರೊಬ್ಬರೇ."

"ಒಬ್ಬರಿಂದ ಇಷ್ಟಾಗಲ್ಲ. ಇದನ್ನ ಸರಿ ಮಾಡಿ ಕೊಟ್ರೂ ಜಿಡ್ಡು ಬರ್ತಾನೇ ಇದ್ರೆ ತಿಂಗಳೊಳಗೆ ಮತ್ತೆ ಹೀಗೇ ಆಗುತ್ತೆ. ಪಂಪಿನ ಗ್ರೀಸಾ? ಮರದಿಂದ ಏನಾದ್ರೂ ಬೀಳುತ್ತಾ?"

ಮರವನ್ನು ನೋಡಿದ್ದಾಯಿತು. ಪಂಪು ಬಿಚ್ಚಿದ್ದಾಯಿತು. ಮೈದುನ ತಪ್ಪನ್ನು ಸಂಗೀತದ ಮೇಷ್ಟರ ಮೇಲೆ ಹಾಕಿದ. ಅವರು ಈ ಊರು ಬಿಟ್ಟು ಎಷ್ಟೋ ಕಾಲವಾಗಿತ್ತು. ಮೂವರೂ ತಮ್ಮ ತಮ್ಮ ಮೂಗಿನ ನೇರಕ್ಕೆ ವಾದ ಮಾಡುತ್ತಿರುವಾಗ ಬಾಗಿಲ ಪಕ್ಕದ ಕುರ್ಚಿಯಿಂದ ಒಂದು ಸದ್ದು ಬಂತು. ಗಂಟಣ್ಣ ಗಂಟಲು ಸರಿಮಾಡಿಕೊಳ್ಳುತ್ತಿದ್ದ.

"ಎಣ್ಣೆ," ಎಂದ. ಎಲ್ಲರೂ ತಿರುಗಿದರು. ನಿಲ್ಲಿಸಿಬಿಡುತ್ತಾನೆ ಎಂದುಕೊಂಡಳು ಅಕ್ಕ. ಅವನು ನಿಲ್ಲಿಸಲಿಲ್ಲ. ಎಡಗೈಯನ್ನು ತನ್ನ ಎದೆಯ ಮೇಲಿಟ್ಟುಕೊಂಡ. "ಎಣ್ಣೆ... ಬಟ್ಟೆ."

ಆ ಕೈ ಎದೆಯಿಂದ ಮೇಲೆದ್ದು ಬಚ್ಚಲಿನ ಕಡೆ ತೋರಿಸಿತು. "ಬೇರೆ... ತೊಟ್ಟಿ."

ಪಂಪಣ್ಣನಿಗೆ ಏನೂ ತಿಳಿಯಲಿಲ್ಲ. ಮೈದುನನಿಗೆ ತಿಳಿಯಿತು, ಆ ಪಾಠಕ್ಕೆ ಅವನು ಕೊಟ್ಟಷ್ಟು ಬೆಲೆ ಯಾರು ಕೊಟ್ಟಿದ್ದರು? ಅವನು ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಅಕ್ಕನಿಗೂ ನಗು ಬಂತು. ನಗುತ್ತ ನಗುತ್ತಲೇ ಆಕೆಯ ಕಣ್ಣು ತುಂಬಿದವು. ಬಾಟಲಿಗಟ್ಟಲೆ ಎಣ್ಣೆಯನ್ನು ತನ್ನ ಕೈಯಾರೆ ಹಚ್ಚಿ, ಹಾಗೇ ಸೀದಾ ಬಿಳಿ ತೊಟ್ಟಿಗೆ ಇಳಿಸಿದ್ದಳು. ಯಾವನಾದರೂ ಕೆಲಸದವನು ಹಾಗೆ ಮಾಡಿದ್ದರೆ ಅಂಗಡಿ ಬಿಟ್ಟು ಓಡಿಸುತ್ತಿದ್ದಳು. ಗಂಡನೂ ಒಂದು ಎಣ್ಣೆ ಬಟ್ಟೆ ಎಂದು ಹೊಳೆದಿರಲೇ ಇಲ್ಲ. ಅವನು ತಮಾಷೆ ಮಾಡಿದ್ದ, ಲಕ್ವ ಹೊಡೆದ ಮೇಲೆ ಮೊದಲ ಸಲ. ಆದರೆ ಅಕ್ಕನ ಕಣ್ಣು ತುಂಬಿದ್ದು ತಮಾಷೆಗಲ್ಲ. ಮಗ್ಗು ತಳ್ಳಿದ ಕೈಯೇ ಈಗ ಬಚ್ಚಲು ತೋರಿಸುತ್ತಿತ್ತು.

ಅಂದೇ ನೀರು ಕಾಯಿಸಿದಳು. ಸ್ಟೂಲಿನ ಮೇಲೆ ಕೂರಿಸಿದಾಗ ಅವನು ಅಭ್ಯಾಸದಂತೆ ಗೋಡೆಯ ಕಡೆ ಅರ್ಧ ತಿರುಗಿದ. ಅಕ್ಕ ಸೋಪು ಕೈಗೆತ್ತಿಕೊಂಡು ಅಂಗಡಿಯ ದನಿಯಲ್ಲೇ ಕೇಳಿದಳು.

"ಈ ಗಂಟು ಎಲ್ಲಿಂದ ಬಂತು? ಗ್ಯಾರೇಜಿಂದಾ?"

ಅವನು ಮುಖ ಇತ್ತ ತಿರುಗಿಸಿದ. ಬಾಯಿಯ ಒಂದು ಬದಿ ಮಾತ್ರ ನಕ್ಕಿತು. "ಲಾಡ್ಜು," ಎಂದ.

"ನೋಡಿದ್ರೆ ಹಾಗೇನೂ ಕಾಣಲ್ಲ," ಎಂದು ಅಕ್ಕ ಬೆನ್ನು ಉಜ್ಜಿದಳು.

ಆ ಸಂಜೆ ಬಿಸಿಲು ಇಳಿದ ಮೇಲೆ ಪಂಪಣ್ಣನ ಲೆಕ್ಕದಂತೆ ಕ್ಲೋರಿನ್ನನ್ನು ದೊಡ್ಡ ಪ್ರಮಾಣದಲ್ಲಿ ಹಾಕಿದರು. ಪಂಪು ಹಗಲಿರುಳು ಓಡಿತು. ಅಕ್ಕ ಗೋಡೆ ಉಜ್ಜಿದಳು, ಟೈಲಿನ ಜಿಡ್ಡನ್ನು ಸೋಡಾದಲ್ಲಿ ಒರೆಸಿ ತೆಗೆದಳು, ಮುಳ್ಳು ಏರಿದಾಗಲೆಲ್ಲ ಮರಳು ತೊಳೆದಳು. ಬೆಳಿಗ್ಗೆ ಸಂಜೆ ಡಬ್ಬಿ ತೆಗೆದು, ಕೊಳವೆಯನ್ನು ಬಿಳಿ ಬಟ್ಟೆಯೊಂದರ ಮುಂದೆ ಹಿಡಿದು ಬಣ್ಣ ನೋಡಿದಳು. ಮೂಗನ್ನೂ ಪೂರ್ತಿ ಬಿಡಲಿಲ್ಲ, ಆದರೆ ಅದರ ಮಾತನ್ನು ಡಬ್ಬಿಯ ಹತ್ತಿರ ಒಮ್ಮೆ ವಿಚಾರಿಸಿಕೊಳ್ಳುತ್ತಿದ್ದಳು. ಹಸಿರು ಹೋಗಿ ನೀರು ಹಾಲಿನಂತಾಯಿತು. ಆಮೇಲೆ ಹಾಲು ತೆಳ್ಳಗಾಗುತ್ತ ಬಂತು.

"ಜಾಲರಿ?" ಎಂದು ಗಂಟಣ್ಣ ದಿನಾ ಕುರ್ಚಿಯಿಂದ ಕೇಳುತ್ತಿದ್ದ.

"ಇನ್ನೂ ಇಲ್ಲ ರೀ."

ಒಂದು ಬೆಳಿಗ್ಗೆ ಅಕ್ಕ ಉತ್ತರ ಕೊಡದೆ ಅವನ ಕುರ್ಚಿಯನ್ನೇ ಅಂಚಿನ ತನಕ ಎಳೆದುಕೊಂಡು ಹೋದಳು. ತಳದಲ್ಲಿ ಜಾಲರಿಯ ಒಂದೊಂದು ಸೀಳೂ ಕಾಣುತ್ತಿತ್ತು.

ಫಿಸಿಯೋ ಬಂದಳು, ತಮ್ಮ ಬಂದ. ಗಂಟಣ್ಣ ಸ್ನಾನ ಮುಗಿಸಿಕೊಂಡು ಸೋಪಿನ ಪರಿಮಳ ಬೀರುತ್ತ ಮೆಟ್ಟಿಲಿಳಿದ. ಕಳೆದುಹೋದ ದಿನಗಳು ಕಾಲಿನಲ್ಲಿ ಕಾಣುತ್ತಿದ್ದವು. ಮೊದಲ ಹೆಜ್ಜೆಗೆ ಬಹಳ ಹೊತ್ತು ಹಿಡಿಯಿತು. ಕಂಬಿ ಹಿಡಿದು ಹೋದ, ಹಿಡಿದು ಬಂದ. ಮೂರನೆಯ ಸಲ ನಡುವೆ ನಿಂತು ಕಂಬಿ ಬಿಟ್ಟ. ಫಿಸಿಯೋ ಕೈ ಚಾಚಿದಳು, ಮುಟ್ಟಲಿಲ್ಲ. ಅವನು ಏನನ್ನೂ ಹಿಡಿಯದೆ ಅಕ್ಕ ಟವೆಲ್ಲು ಹಿಡಿದು ನಿಂತಿದ್ದ ಕಡೆಗೆ ನಡೆದುಕೊಂಡು ಬಂದ. ಎದುರಿಗೆ ಬಂದು ನಿಂತು ಉಸಿರು ತೆಗೆದುಕೊಂಡ.

"ಬಿಳಿ ಬಟ್ಟೆ... ಬರಲಿ."

"ನಾನಾ? ನನಗೆ ಈಜು ಎಲ್ಲಿ ಬರುತ್ತೆ?"

"ಬರಲಿ," ಎಂದ ಗಂಟಣ್ಣ, ಹಿಂದಿನ ಹಾಗೆ ಬೀದಿಯ ಕೊನೆಗೆ ಕೇಳುವಷ್ಟಲ್ಲದಿದ್ದರೂ ಹಿತ್ತಲಿಗೆಲ್ಲ ಕೇಳುವಷ್ಟು ಜೋರಾಗಿ.

ಇಷ್ಟು ವರ್ಷ ತೊಟ್ಟಿಗಳ ಜೊತೆ ಬದುಕಿದರೂ ಅಕ್ಕ ಯಾವ ನೀರಿಗೂ ಮೊಣಕೈಗಿಂತ ಹೆಚ್ಚು ಇಳಿದವಳಲ್ಲ. ಟವೆಲ್ಲನ್ನು ಮೈದುನನ ಕೈಗೆ ಕೊಟ್ಟು ಸರಸರನೆ ಒಳಗೆ ಹೋದಳು. ಹೆದರಿ ಓಡಿದಳು ಎಂದು ಮೈದುನ ನಕ್ಕ. ಅಷ್ಟರಲ್ಲಿ ಬಚ್ಚಲಿನಿಂದ ಮೈಮೇಲೆ ನೀರು ಸುರಿದುಕೊಳ್ಳುವ ಸದ್ದು ಕೇಳಿಸಿತು.

ಒಗೆದ ಬಿಳಿ ಬಟ್ಟೆ ತೊಟ್ಟು, ಒದ್ದೆ ಕೂದಲಲ್ಲಿ ಅಕ್ಕ ವಾಪಸ್ ಬಂದಳು. ಎಡಗೈಯಲ್ಲಿ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ನೀರು ಸೊಂಟಕ್ಕೆ ಬಂದಾಗ ಉಸಿರು ಸಿಕ್ಕಿಕೊಂಡು ಅಲ್ಲೇ ನಿಂತಳು. ನೀರಿನಾಚೆ ಕಲ್ಲಿನಂತೆ ಜೋತುಬೀಳುತ್ತಿದ್ದ ಗಂಟಣ್ಣನ ಬಲಗೈ ಇಲ್ಲಿ ಹಗುರವಾಗಿ ನೀರಿನ ಮೇಲೆದ್ದು, ನಿಧಾನವಾಗಿ ಆಕೆಯ ಕಡೆಗೆ ಬಂತು. ಅಕ್ಕ ಕಂಬಿ ಬಿಟ್ಟು ಆ ಕೈ ಹಿಡಿದುಕೊಂಡಳು.